ಹಿತ್ತಲ ಕೋಳಿಯ ಮೊದಲ ಮೊಟ್ಟೆಗಳು: ಮೆತ್ತಗೆ ಬಂದರೆ, ಸಿಕ್ಕಿಕೊಂಡರೆ, ಬಾರದೇ ಹೋದರೆ ಏನು ಮಾಡಬೇಕು?



ಬಿ.ಪಿ., ಕೊಲೆಸ್ಟ್ರಾಲ್, ಸ್ಟೆಂಟ್ ಎಂದು ಬರೆಯುವ ಹೃದಯದ ಡಾಕ್ಟರು ಈ ಸಲ ಕೋಳಿಯ ಬಗ್ಗೆ ಬರೆಯುತ್ತಿದ್ದಾರಲ್ಲ ಎಂದು ನಗಬೇಡಿ. ಕಾರಣ ಇದೆ. ಓದಿದರೆ ನಿಮಗೇ ತಿಳಿಯುತ್ತದೆ. ಕೋಳಿ ಸಾಕದವರೂ ಕೊನೆಯ ಭಾಗವನ್ನು ತಪ್ಪದೆ ಓದಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಳಿಗೆ ಔಷಧಿ ಬರೆಯುವ ಅಧಿಕಾರ ನನಗಿಲ್ಲ. ಅದು ಪಶುವೈದ್ಯರ ಕೆಲಸ. ಇಲ್ಲಿ ಬರೆದಿರುವುದು ಔಷಧಿಗೆ ಮುಂಚಿನ ವಿಷಯ.

*ಕಾಕಾ ಮತ್ತು ಆರು ಕೋಳಿಗಳು*

ನಾಸಿಕ್ ರೋಡ್‌ನಲ್ಲಿ ಕೆಲಸಕ್ಕೆಂದು ಬಂದು ಇಲ್ಲೇ ನೆಲೆನಿಂತ ಕನ್ನಡದ ಮನೆಗಳು ಸಾಕಷ್ಟಿವೆ. ಅಂಥ ಒಂದು ಮನೆಯ ಕಾಕಾ ನನ್ನ ಪೇಷಂಟ್. ಊರು ವಿಜಯಪುರದ ಕಡೆ. ವಯಸ್ಸು ಎಪ್ಪತ್ತರ ಹತ್ತಿರ. ಎರಡು ಸ್ಟೆಂಟ್ ಹಾಕಿದೆ. ನಿವೃತ್ತಿಯಾದ ಮೇಲೆ ಹೊತ್ತು ಹೋಗಲೆಂದು ಮಳೆಗಾಲದ ಶುರುವಿನಲ್ಲಿ ವ್ಯಾನಿನವನಿಂದ ಆರು ಮರಿ ಕೊಂಡು ಹಿತ್ತಲಲ್ಲಿ ಸಾಕಿದರು. ಡಿಸೆಂಬರ್‌ನಲ್ಲಿ ಚೆಕಪ್‌ಗೆ ಬಂದಾಗ ಎದೆಯ ಮಾತು ಬಿಟ್ಟು ಕೋಳಿಯ ಮಾತೇ ತೆಗೆದರು.

“ಡಾಕ್ಟರ್ ಸಾಹೇಬ್ರ, ನನ್ನ ಎದಿ ಚಲೋ ಐತ್ರಿ. ಆದ್ರ ಕೋಳಿ ತತ್ತಿ ಚಲೋ ಇಡವಲ್ವು. ಮುಟ್ಟಿದ್ರ ರಬ್ಬರ್ ಬಲೂನಿನಂಗ ಮೆತ್ತಗ ಹತ್ತತಾವು.”

ನಾನು ನಕ್ಕು, “ಮೊಟ್ಟೆ ತಿನ್ನಿ ಕಾಕಾ, ಪ್ರೋಟೀನ್ ಒಳ್ಳೆಯದು” ಎಂದು ಹೇಳಿ ಕಳಿಸಿದೆ. ಹೇಗೆ ತಿನ್ನುತ್ತೀರಿ ಎಂದು ಕೇಳಲಿಲ್ಲ. ಅದು ನನ್ನ ತಪ್ಪು.

ಹತ್ತು ದಿನಕ್ಕೆ ಕಾಕಾ ವಾಂತಿ, ಭೇದಿ, ಜ್ವರದಿಂದ ಅಡ್ಮಿಟ್ ಆದರು. ಬಿ.ಪಿ. ಮೇಲಿನದು 80ಕ್ಕೆ ಇಳಿದಿತ್ತು, ಕಿಡ್ನಿಯ ಮೇಲೂ ಪರಿಣಾಮ ಆಗಿತ್ತು. ಮಲ ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಸಿಕ್ಕಿತು. ಆಗ ಕಾಕೂ ಬಾಯಿಬಿಟ್ಟರು: “ಮೆತ್ತನ ತತ್ತಿ ಚೆಲ್ಲೋದ್ಯಾಕಂತ ಹಸೀದ ಹಾಲಿನಾಗ ಹಾಕ್ಕೊಂಡು ಕುಡದ್ರು. ಶಕ್ತಿ ಬರತೈತಿ ಅಂತ.”

ಅಷ್ಟರಲ್ಲಿ ಕೋಳಿಗಳಿಗೆ ಯಾರೋ ಹೇಳಿದರೆಂದು ಅಂಗಡಿಯಿಂದ ಆ್ಯಂಟಿಬಯೋಟಿಕ್ ಪುಡಿ ತಂದು ನೀರಿಗೆ ಹಾಕಿದ್ದರು. ಒಂದು ಕೋಳಿಗೆ ಮೊಟ್ಟೆ ಸಿಕ್ಕಿಕೊಂಡಿತ್ತು. ಅದರ ಹೊಟ್ಟೆ ಅಮುಕಿ ತೆಗೆಯಲು ಹೋಗಿ ಮೊಟ್ಟೆ ಒಳಗೇ ಒಡೆದು, ಎರಡು ದಿನಕ್ಕೆ ಕೋಳಿ ಸತ್ತಿತು.

ಒಂದು ಕೋಳಿ ಹೋಯಿತು, ಒಬ್ಬ ಹೃದಯರೋಗಿ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದರು. ಆ ಹಿತ್ತಲಲ್ಲಿ ಇದ್ದ ಮೂಲ ತೊಂದರೆ ಏನು ಗೊತ್ತೇ? ಕೋಳಿಯ ತಟ್ಟೆಯಲ್ಲಿ ಕ್ಯಾಲ್ಸಿಯಂ ಇರಲಿಲ್ಲ. ಅಷ್ಟೇ.

*ಒಂದು ಮೊಟ್ಟೆಗೆ ಎಷ್ಟು ಕೆಲಸ?*

ಒಂದು ಮೊಟ್ಟೆ ತಯಾರಾಗಲು ಸುಮಾರು 24ರಿಂದ 26 ಗಂಟೆ ಬೇಕು. ಹಳದಿ ಭಾಗ ಅಂಡಾಶಯದಿಂದ ಬಿಡುಗಡೆಯಾಗಿ ನಾಳಕ್ಕೆ ಇಳಿಯುತ್ತದೆ. ಸುಮಾರು 3 ಗಂಟೆಯಲ್ಲಿ ಅದರ ಸುತ್ತ ಬಿಳಿ ಭಾಗ ಸೇರುತ್ತದೆ. ಮುಂದಿನ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಒಳಪೊರೆ ಕಟ್ಟುತ್ತದೆ. ಉಳಿದ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಇದರಲ್ಲಿ ಬಹುಪಾಲು ರಾತ್ರಿ, ಕೋಳಿ ಮಲಗಿರುವಾಗ ನಡೆಯುತ್ತದೆ.

ಚಿಪ್ಪಿನ ಶೇಕಡ 90ಕ್ಕೂ ಹೆಚ್ಚು ಭಾಗ ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಸುಣ್ಣದ ಕಲ್ಲಿನಲ್ಲಿರುವ ವಸ್ತು. ಒಂದು ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ.

2 ಗ್ರಾಂ ಎಂದರೆ ಕಡಿಮೆ ಎನಿಸಬಹುದು. ಲೆಕ್ಕ ಹಾಕಿ ನೋಡಿ. ಅಷ್ಟು ಕ್ಯಾಲ್ಸಿಯಂ ನಮಗೆ ಹಾಲಿನಿಂದ ಬೇಕೆಂದರೆ ಒಂದೂವರೆ ಲೀಟರಿಗೂ ಹೆಚ್ಚು ಹಾಲು ಕುಡಿಯಬೇಕು. ಕೋಳಿಯ ಇಡೀ ಮೈಯಲ್ಲಿರುವುದೇ ಸುಮಾರು 20 ಗ್ರಾಂ. ಅಂದರೆ ಪ್ರತಿ ಮೊಟ್ಟೆಯ ಜೊತೆ ಅದು ತನ್ನ ಮೈಯ ಕ್ಯಾಲ್ಸಿಯಂನ ಹತ್ತನೇ ಒಂದು ಭಾಗವನ್ನು ಹೊರಗೆ ಕೊಡುತ್ತದೆ!

ಈಗ ತಟ್ಟೆಯ ಲೆಕ್ಕ. ಮೊಟ್ಟೆಯಿಡುವ ಕೋಳಿ ದಿನಕ್ಕೆ ಸುಮಾರು 100 ಗ್ರಾಂ ತಿನ್ನುತ್ತದೆ. ಅದು ಬರೀ ಜೋಳವಾದರೆ ಅದರಲ್ಲಿರುವ ಕ್ಯಾಲ್ಸಿಯಂ ಸುಮಾರು 30 ಮಿಲಿಗ್ರಾಂ. ಬೇಕಾದದ್ದು 2,000 ಮಿಲಿಗ್ರಾಂ, ಸಿಕ್ಕಿದ್ದು 30. ಕಾಕಾನ ಮನೆಯಲ್ಲಿ ಹಾಕುತ್ತಿದ್ದದ್ದು ಇದೇ: ಜೋಳ, ಉಳಿದ ಭಕ್ರಿ, ಉಳಿದ ಅನ್ನ.

ಹಾಗಾದರೆ ಮೊದಲ ಮೊಟ್ಟೆಗಳಾದರೂ ಹೇಗೆ ಬರುತ್ತವೆ? ಎಳೆ ಹೇಂಟೆ ಮೊದಲ ಮೊಟ್ಟೆ ಇಡುವ ಸುಮಾರು ಎರಡು ವಾರ ಮೊದಲೇ ಅದರ ಎಲುಬಿನ ಒಳಗೆ ವಿಶೇಷವಾದ ಮೆದು ಎಲುಬು ಬೆಳೆಯುತ್ತದೆ. ಅದು ಕ್ಯಾಲ್ಸಿಯಂನ ಉಳಿತಾಯ ಖಾತೆ. ತಿಂದದ್ದು ಸಾಲದಿದ್ದಾಗ ಆ ಖಾತೆಯಿಂದ ತೆಗೆದು ಚಿಪ್ಪು ಕಟ್ಟುತ್ತದೆ. ಖಾತೆಗೆ ಹಣ ಹಾಕದೆ ದಿನವೂ ತೆಗೆದರೆ ಏನಾಗುತ್ತದೆ? ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಮೆತ್ತಗಾಗುತ್ತದೆ, ಆಮೇಲೆ ಮೊಟ್ಟೆಯೇ ನಿಲ್ಲುತ್ತದೆ. ಕಾಲಿನ ಶಕ್ತಿ ಹೋಗಿ ಕೋಳಿ ಕುಸಿದು ಕೂರುವುದೂ ಉಂಟು.

*ಇಲ್ಲಿ ಹೃದಯ ಎಲ್ಲಿ ಬಂತು?*

1883ರ ಸುಮಾರಿನ ಮಾತು. ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪಿನ ನೀರಿನಲ್ಲಿಟ್ಟು ಅದರ ಬಡಿತವನ್ನು ಅಭ್ಯಾಸ ಮಾಡುತ್ತಿದ್ದರು. ಹೃದಯ ಗಂಟೆಗಟ್ಟಲೆ ಚೆನ್ನಾಗಿ ಬಡಿಯುತ್ತಿತ್ತು. ಅದೇ ದ್ರಾವಣವನ್ನು ಶುದ್ಧ ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿದಾಗ ಬಡಿತ ನಿಂತಿತು. ವಿಚಾರಿಸಿದರೆ, ಮೊದಲು ದ್ರಾವಣ ಮಾಡಿದ್ದು ನಲ್ಲಿ ನೀರಿನಲ್ಲಿ. ಲಂಡನ್ನಿನ ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ ಇತ್ತು! ನಿಮಗೆ ಆಸ್ಪತ್ರೆಯಲ್ಲಿ ಹಾಕುವ “ಆರ್.ಎಲ್.” ಸಲೈನಿನ ಮೊದಲ ಅಕ್ಷರ ಇದೇ ರಿಂಗರ್ ಅವರ ಹೆಸರು.

ಸ್ನಾಯು ಬಿಗಿಯಲು ಕ್ಯಾಲ್ಸಿಯಂ ಬೇಕು. ನಿಮ್ಮ ಹೃದಯ ಬಡಿಯುವುದಕ್ಕೂ ಬೇಕು, ಕೋಳಿಯ ಮೊಟ್ಟೆನಾಳ ಮೊಟ್ಟೆಯನ್ನು ಹೊರಗೆ ತಳ್ಳುವುದಕ್ಕೂ ಬೇಕು. ಆದ್ದರಿಂದ ಕ್ಯಾಲ್ಸಿಯಂ ಕಡಿಮೆಯಾದ ಕೋಳಿಗೆ ಎರಡು ಕಷ್ಟ. ಚಿಪ್ಪು ಮೆತ್ತಗಾಗುತ್ತದೆ, ಮೆತ್ತನೆಯ ಮೊಟ್ಟೆಯ ಮೇಲೆ ನಾಳಕ್ಕೆ ಹಿಡಿತ ಸಿಗುವುದಿಲ್ಲ. ಜೊತೆಗೆ ತಳ್ಳುವ ಸ್ನಾಯುವೂ ಸೋತಿರುತ್ತದೆ. ಮೊಟ್ಟೆ ಸಿಕ್ಕಿಕೊಳ್ಳುವುದಕ್ಕೆ ಇದು ಒಂದು ಮುಖ್ಯ ಕಾರಣ.

*ಮೊದಲ ತಿಂಗಳು: ಯಾವುದಕ್ಕೆ ಹೆದರಬೇಕಿಲ್ಲ*

ಎಳೆ ಹೇಂಟೆಯ ಮೈಗೆ ಇದು ಹೊಸ ಕೆಲಸ. ಮೊದಲ ಮೂರು-ನಾಲ್ಕು ವಾರ ಏರುಪೇರು ಸಹಜ.

– ಮೊಟ್ಟೆ ತೀರಾ ಸಣ್ಣದಾಗಿರುವುದು, ಕೆಲವೊಮ್ಮೆ ಹಳದಿಯೇ ಇಲ್ಲದಿರುವುದು.
– ಒಂದರಲ್ಲಿ ಎರಡು ಹಳದಿ ಬರುವುದು.
– ಚಿಪ್ಪಿನ ಮೇಲೆ ಸಣ್ಣ ರಕ್ತದ ಗೆರೆ ಇರುವುದು.
– ಅಪರೂಪಕ್ಕೆ ಒಂದು ಚಿಪ್ಪಿಲ್ಲದ ಮೊಟ್ಟೆ, ಅದೂ ರಾತ್ರಿ ಕೂತಲ್ಲೇ ಬಿದ್ದಿರುವುದು.
– ಒಂದು ದಿನ ಇಟ್ಟು ಎರಡು ದಿನ ಬಿಡುವುದು.

ಕೋಳಿ ಚುರುಕಾಗಿ ಓಡಾಡುತ್ತಾ, ತಿನ್ನುತ್ತಾ ಇದ್ದರೆ ಇವುಗಳಿಗೆ ಔಷಧಿ ಬೇಡ. ಮೆತ್ತನೆಯ ಮೊಟ್ಟೆ ಪದೇ ಪದೇ ಬಂದರೆ ಮಾತ್ರ ಮುಂದಿನ ಐದು ವಿಷಯ ನೋಡಿ.

*ಐದು ವಿಷಯ ನೋಡಿ, ಆಮೇಲೆ ಡಾಕ್ಟರು*

*1. ತಟ್ಟೆ.* ಮೊಟ್ಟೆ ಶುರುವಾಗುವ ಹೊತ್ತಿಗೆ ಗ್ರೋವರ್ ಆಹಾರ ನಿಲ್ಲಿಸಿ ಲೇಯರ್ ಆಹಾರಕ್ಕೆ ಬದಲಿಸಿ. ಗ್ರೋವರ್‌ನಲ್ಲಿ ಕ್ಯಾಲ್ಸಿಯಂ ಸುಮಾರು ಶೇಕಡ 1, ಲೇಯರ್‌ನಲ್ಲಿ ಶೇಕಡ 3ರಿಂದ 4. ಜೊತೆಗೆ ಬೇರೆ ಬಟ್ಟಲಲ್ಲಿ ಚಿಪ್ಪಿನ ಚೂರು ಇಡಿ. ಕೋಳಿ ಆಹಾರದ ಅಂಗಡಿಯಲ್ಲಿ ಶೆಲ್ ಗ್ರಿಟ್ ಎಂದು ಕೇಳಿದರೆ ಸಿಗುತ್ತದೆ. ಎಷ್ಟು ಬೇಕೆಂದು ಕೋಳಿಗೇ ಗೊತ್ತು, ಬೇಕಾದಷ್ಟು ತಿಂದು ಬಿಡುತ್ತದೆ. ಸಂಜೆ ತಿಂದರೆ ಇನ್ನೂ ಒಳ್ಳೆಯದು, ಏಕೆಂದರೆ ಚಿಪ್ಪು ಕಟ್ಟುವುದು ರಾತ್ರಿ.

ಮನೆಯ ಮೊಟ್ಟೆಯ ಚಿಪ್ಪನ್ನೂ ಕೊಡಬಹುದು. ತೊಳೆದು, ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿ ಒಣಗಿಸಿ, ಗುರುತು ಸಿಗದಷ್ಟು ಪುಡಿ ಮಾಡಿ. ದೊಡ್ಡ ಚೂರು ಹಾಕಿದರೆ ತನ್ನ ಮೊಟ್ಟೆಯನ್ನೇ ಒಡೆದು ತಿನ್ನುವ ಚಾಳಿ ಬೀಳಬಹುದು. ಎಲೆ ಅಡಿಕೆಗೆ ಹಚ್ಚುವ ಸುಣ್ಣವನ್ನು ಮಾತ್ರ ಕೊಡಬೇಡಿ, ಅದು ಬಾಯಿ, ಗಂಟಲು ಸುಡುತ್ತದೆ.

ಇನ್ನೂ ಮೊಟ್ಟೆ ಶುರುವಾಗದ ಮರಿಗಳಿಗೆ ಲೇಯರ್ ಆಹಾರ ತಿಂಗಳುಗಟ್ಟಲೆ ಹಾಕಬೇಡಿ. ಬೇಡದ ಕ್ಯಾಲ್ಸಿಯಂ ಅವುಗಳ ಕಿಡ್ನಿ ಕೆಡಿಸುತ್ತದೆ. ಒಳ್ಳೆಯದು ಎಂದು ಹೆಚ್ಚು ಕೊಟ್ಟರೆ ಒಳ್ಳೆಯದಾಗುವುದಿಲ್ಲ, ಇದು ಮನುಷ್ಯರಿಗೂ ಅನ್ವಯ.

*2. ಬಿಸಿಲು.* ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು. ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿನಲ್ಲಿ ದಿನವಿಡೀ ಕೂಡಿಹಾಕಿದರೆ ಎಷ್ಟು ಚಿಪ್ಪು ಹಾಕಿದರೂ ಪ್ರಯೋಜನ ಕಡಿಮೆ. ದಿನಕ್ಕೆ ಕೆಲವು ಗಂಟೆ ಹೊರಗೆ ಬಿಡಿ.

*3. ಬೆಳಕಿನ ಹೊತ್ತು.* ಕೋಳಿಯ ಮೊಟ್ಟೆಯ ಗಡಿಯಾರ ನಡೆಯುವುದು ಬೆಳಕಿನಿಂದ. ಚೆನ್ನಾಗಿ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ನಾಸಿಕ್‌ನಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ ಮಾತ್ರ. ಜೂನ್‌ನಲ್ಲಿ 13 ಗಂಟೆ ದಾಟುತ್ತದೆ. ಮಳೆಗಾಲದಲ್ಲಿ ಹುಟ್ಟಿದ ಮರಿ ವಯಸ್ಸಿಗೆ ಬರುವುದು ಸರಿಯಾಗಿ ಈ ಚಿಕ್ಕ ಹಗಲಿನಲ್ಲಿ. ಹಾಗಾಗಿ ತಡವಾದರೆ ಆಶ್ಚರ್ಯವಿಲ್ಲ, ಹಗಲು ಬೆಳೆದಂತೆ ತಾನೇ ಶುರುವಾಗುತ್ತದೆ. ಬೇಕಿದ್ದರೆ ಬೆಳಗಿನ ಜಾವ ಒಂದೆರಡು ಗಂಟೆ ಸಣ್ಣ ಎಲ್ಇಡಿ ಬಲ್ಬ್ ಹಾಕಬಹುದು, ನಿಧಾನವಾಗಿ ಹೆಚ್ಚಿಸುತ್ತಾ. ಆದರೆ ಮೈ ಬೆಳೆಯದ ಎಳೆ ಕೋಳಿಗೆ ಬೆಳಕು ಹಾಕಿ ಆತುರಪಡಿಸಬೇಡಿ. ಮೈಗೆ ಮೀರಿದ ಮೊಟ್ಟೆ ಬಂದರೆ ನಾಳವೇ ಹೊರಗೆ ಜಾರಬಹುದು.

*4. ಬಿಸಿ.* ಏಪ್ರಿಲ್, ಮೇನಲ್ಲಿ ಕೋಳಿ ಬಾಯಿ ತೆರೆದು ಏದುಸಿರು ಬಿಡುವುದನ್ನು ನೋಡಿರುತ್ತೀರಿ. ಅದಕ್ಕೆ ಬೆವರು ಇಲ್ಲ, ಉಸಿರಿನಿಂದಲೇ ಮೈ ತಣ್ಣಗಾಗಬೇಕು. ಹಾಗೆ ಏದುಸಿರು ಬಿಟ್ಟಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ, ಚಿಪ್ಪಿಗೆ ಬೇಕಾದ ಕಾರ್ಬೋನೇಟ್ ಕಡಿಮೆಯಾಗುತ್ತದೆ. ರಕ್ತದಲ್ಲಿ ಬಳಕೆಗೆ ಸಿಗುವ ಕ್ಯಾಲ್ಸಿಯಂ ಕೂಡ ಇಳಿಯುತ್ತದೆ. ನನ್ನ ಒ.ಪಿ.ಡಿ.ಗೆ ಗಾಬರಿಯಿಂದ ಜೋರಾಗಿ ಉಸಿರಾಡುತ್ತಾ “ಬೆರಳು ಜುಮ್ಮೆನ್ನುತ್ತಿದೆ, ಹಾರ್ಟ್ ಅಟ್ಯಾಕ್ ಇರಬೇಕು” ಎಂದು ಬರುವ ಹುಡುಗರಲ್ಲಿ ಅನೇಕರಿಗೆ ಆಗಿರುವುದೂ ಇದೇ. ನೆರಳು, ತಣ್ಣನೆಯ ನೀರು, ಗಾಳಿ ಕೊಡಿ. ಆಹಾರವನ್ನು ಬೆಳಗಿನ ತಂಪಿನಲ್ಲಿ ಮತ್ತು ಸಂಜೆ ಹಾಕಿ.

*5. ಕೊಬ್ಬು.* ಉಳಿದ ಅನ್ನ, ಕರಿದ ತಿಂಡಿ, ಶೇವು-ಫರಸಾಣ ಎಲ್ಲ ಸುರಿದರೆ ಕೋಳಿಗೆ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಸಿಗುವುದಿಲ್ಲ. ಹೊಟ್ಟೆಯಲ್ಲಿ, ಪಿತ್ತಕೋಶದ ಪಕ್ಕದ ಲಿವರಿನಲ್ಲಿ ಕೊಬ್ಬು ತುಂಬುತ್ತದೆ. ಅಂಥ ಕೋಳಿ ಮೊಟ್ಟೆ ಕಡಿಮೆ ಇಡುತ್ತದೆ, ಮೊಟ್ಟೆ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. ಚೆನ್ನಾಗಿದ್ದ ಕೋಳಿ ಇದ್ದಕ್ಕಿದ್ದಂತೆ ಸಾಯುವುದೂ ಉಂಟು. ಹೃದಯದ ಡಾಕ್ಟರಿಗೆ ಇದು ಬಹಳ ಪರಿಚಿತ ಕಥೆ. ಮಿಕ್ಕ ಪದಾರ್ಥ ದಿನದ ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ.

*ಮೊಟ್ಟೆಯೇ ಬರುತ್ತಿಲ್ಲ ಎಂದರೆ*

ಮೊದಲು ವಯಸ್ಸು ನೋಡಿ. ಫಾರಂನ ಲೇಯರ್ ಕೋಳಿ 18ರಿಂದ 20 ವಾರಕ್ಕೆ ಶುರು ಮಾಡುತ್ತದೆ. ನಮ್ಮ ಜವಾರಿ ಕೋಳಿ, ಇಲ್ಲಿನವರು ಗಾವ್ರಾನ್ ಎನ್ನುವುದು, ಆರು ತಿಂಗಳು ಅಥವಾ ಇನ್ನೂ ಹೆಚ್ಚು ತೆಗೆದುಕೊಳ್ಳುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ತಳಿಗಳನ್ನೂ ಫಾರಂ ಕೋಳಿಯ ಲೆಕ್ಕದಲ್ಲಿ ಅಳೆಯಬೇಡಿ. ಮಾರುವವನು ಹೇಳಿದ ವಯಸ್ಸನ್ನು ಪೂರ್ತಿ ನಂಬಬೇಡಿ. ಜುಟ್ಟು ಕೆಂಪಾಗಿದೆಯೇ, ಬೆನ್ನ ಮೇಲೆ ಕೈಯಿಟ್ಟರೆ ತಗ್ಗಿ ಕೂರುತ್ತದೆಯೇ ನೋಡಿ. ಬಾಲದ ಕೆಳಗೆ ಎರಡು ಚೂಪು ಎಲುಬುಗಳ ನಡುವೆ ಬೆರಳಿಡಿ. ಒಂದೇ ಬೆರಳು ಹಿಡಿದರೆ ಇನ್ನೂ ಸಮಯವಿದೆ, ಎರಡು-ಮೂರು ಬೆರಳು ಹಿಡಿದರೆ ಮೊಟ್ಟೆಯಿಡುವ ಕೋಳಿ.

ಎರಡನೆಯದಾಗಿ ಹುಡುಕಿ. ಸೌದೆ ರಾಶಿಯ ಹಿಂದೆ, ಗಿಡದ ಬುಡದಲ್ಲಿ ಕಳ್ಳಗೂಡು ಮಾಡಿರಬಹುದು. ನಾಲ್ಕೈದು ಕೋಳಿಗೆ ಒಂದರಂತೆ, ಸ್ವಲ್ಪ ಮಬ್ಬು ಜಾಗದಲ್ಲಿ ಹುಲ್ಲು ಹಾಸಿದ ಬುಟ್ಟಿ ಇಡಿ. ಮೂರನೆಯದಾಗಿ, ಜವಾರಿ ಕೋಳಿ ಹತ್ತು-ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತರೆ ಅದು ರೋಗವಲ್ಲ, ಅದರ ಸ್ವಭಾವ.

ನಾಲ್ಕನೆಯದು ಹೇನು, ಉಣ್ಣಿ. ಇವುಗಳಲ್ಲಿ ಕೆಲವು ಹಗಲು ಗೂಡಿನ ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತವೆ. ಜುಟ್ಟು ಬಿಳುಚಿಕೊಂಡರೆ ರಾತ್ರಿ ಟಾರ್ಚ್ ಹಾಕಿ ಗೂಡು ನೋಡಿ. ನಮ್ಮ ನಾಸಿಕ್‌ನಲ್ಲಿ ಒಂದು ಅಪಾಯ ಹೆಚ್ಚು: ದ್ರಾಕ್ಷಿ ತೋಟಕ್ಕೆ ಹೊಡೆದು ಉಳಿದ ಕೀಟನಾಶಕ ಮನೆಯಲ್ಲೇ ಇರುತ್ತದೆ. ಅದನ್ನು ಕೋಳಿಯ ಮೇಲೆ ಎಂದೂ ಸಿಂಪಡಿಸಬೇಡಿ. ಕೋಳಿಗೂ ವಿಷ, ಮೊಟ್ಟೆಗೂ ವಿಷ, ಹೊಡೆಯುವವರಿಗೂ ವಿಷ. ಬೂದಿ ಮತ್ತು ಒಣ ಮಣ್ಣು ಬೆರೆಸಿದ ಒಂದು ಗುಂಡಿ ಮಾಡಿಕೊಡಿ, ಕೋಳಿ ಅದರಲ್ಲಿ ಹೊರಳಾಡಿ ಮೈ ಶುಚಿ ಮಾಡಿಕೊಳ್ಳುತ್ತದೆ. ಅದಕ್ಕೂ ಹೋಗದಿದ್ದರೆ ಪಶುವೈದ್ಯರನ್ನು ಕೇಳಿ.

*ಮೊಟ್ಟೆ ಸಿಕ್ಕಿಕೊಂಡಿದೆ ಎಂದು ಹೇಗೆ ತಿಳಿಯುವುದು?*

ಕೋಳಿ ಬಾಲ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿ, ಗರಿ ಉಬ್ಬಿಸಿಕೊಂಡು ನಿಲ್ಲುತ್ತದೆ. ಪದೇ ಪದೇ ಬುಟ್ಟಿಗೆ ಹೋಗಿ ಮುಕ್ಕುತ್ತದೆ, ಮೊಟ್ಟೆ ಬರುವುದಿಲ್ಲ. ತಿನ್ನುವುದು ಬಿಡುತ್ತದೆ. ಇದು ತುರ್ತು ಪರಿಸ್ಥಿತಿ. ಪಶುವೈದ್ಯರಿಗೆ ಫೋನ್ ಮಾಡಿ, ಅವರು ಸಿಗುವವರೆಗೆ ಹೀಗೆ ಮಾಡಿ:

– ಬೇರೆ ಕೋಳಿಗಳಿಂದ ದೂರ, ಬೆಚ್ಚಗಿನ, ಮಬ್ಬಾದ, ಸದ್ದಿಲ್ಲದ ಜಾಗದಲ್ಲಿ ಇಡಿ.
– ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ, ಹೊಟ್ಟೆಯ ಕೆಳಭಾಗ ಮುಳುಗುವಂತೆ 15ರಿಂದ 20 ನಿಮಿಷ ಹಿಡಿದು ಕೂರಿಸಿ. ಆಮೇಲೆ ಒರೆಸಿ ಒಣಗಿಸಿ, ಚಳಿ ಹಿಡಿಯದಿರಲಿ.
– ಮೊಟ್ಟೆ ಬರುವ ದ್ವಾರಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ.
– ಕುಡಿಯಲು ನೀರು ಇಡಿ. ಕ್ಯಾಲ್ಸಿಯಂ ದ್ರವ ಕೊಡಬೇಕೇ, ಎಷ್ಟು ಎಂದು ಫೋನಿನಲ್ಲೇ ಪಶುವೈದ್ಯರನ್ನು ಕೇಳಿಕೊಳ್ಳಿ.

*ಹೊಟ್ಟೆ ಅಮುಕಬೇಡಿ. ಕಡ್ಡಿ, ಚಮಚ ಏನೂ ಹಾಕಬೇಡಿ.* ಒಳಗೆ ಒಡೆದ ಚಿಪ್ಪು ನಾಳವನ್ನು ಕೊಯ್ಯುತ್ತದೆ, ಹೊಟ್ಟೆಯೊಳಗೆ ಕೀವಾಗುತ್ತದೆ. ಕಾಕಾನ ಕೋಳಿ ಸತ್ತದ್ದು ಹೀಗೆಯೇ. ಒಂದು ದಿನ ಕಾಯ್ದು ನೋಡೋಣ ಎನ್ನಬೇಡಿ, ಅಷ್ಟರಲ್ಲಿ ಕೋಳಿ ಹೋಗಬಹುದು.

ಕೆಂಪು ಮಾಂಸದ ಗಂಟು ಹೊರಗೆ ಬಂದಿದ್ದರೆ ನಾಳ ಜಾರಿದೆ ಎಂದು ಅರ್ಥ. ಆ ಕ್ಷಣವೇ ಬೇರ್ಪಡಿಸಿ. ಕೆಂಪು ಕಂಡರೆ ಮಿಕ್ಕ ಕೋಳಿಗಳು ಕುಕ್ಕಿ ಕುಕ್ಕಿ ಕೊಂದೇ ಬಿಡುತ್ತವೆ.

*ಪುಡಿ, ಮಾತ್ರೆ ನೀವೇ ತಂದು ಹಾಕಬೇಡಿ*

ಮೆತ್ತನೆಯ ಮೊಟ್ಟೆ ಬಂದ ಕೂಡಲೇ ಆ್ಯಂಟಿಬಯೋಟಿಕ್ ಹಾಕುವುದು ಬಹಳ ಕಡೆ ರೂಢಿ. ಕ್ಯಾಲ್ಸಿಯಂ ಕೊರತೆಗೆ ಆ್ಯಂಟಿಬಯೋಟಿಕ್ ಔಷಧಿಯಲ್ಲ. ಇನ್ನೊಂದು ವಿಷಯ: ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳು ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಜೊತೆ ಅಂಟಿಕೊಳ್ಳುತ್ತವೆ. ಆಗ ಔಷಧಿಯೂ ಮೈಗೆ ಸೇರದು, ಕ್ಯಾಲ್ಸಿಯಂ ಕೂಡ ಸೇರದು. ಎರಡು ದುಡ್ಡೂ ವ್ಯರ್ಥ.

ಕೊಟ್ಟ ಔಷಧಿ ಮೊಟ್ಟೆಯಲ್ಲಿ ಬರುತ್ತದೆ. ಪ್ರತಿ ಔಷಧಿಗೂ ಇಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬ ಗಡುವು ಇರುತ್ತದೆ. ಕೆಲವನ್ನು ಮೊಟ್ಟೆಯಿಡುವ ಕೋಳಿಗೆ ಕೊಡಲೇಬಾರದು. ಮನೆಯ ಮಕ್ಕಳು ದಿನವೂ ಚೂರು ಚೂರು ಆ್ಯಂಟಿಬಯೋಟಿಕ್ ತಿಂದರೆ, ನಾಳೆ ನಿಜವಾದ ಜ್ವರ ಬಂದಾಗ ಔಷಧಿ ಕೆಲಸ ಮಾಡದ ಸ್ಥಿತಿ ಬರುತ್ತದೆ. ಪಶುವೈದ್ಯರು ಬರೆದರೆ ಕೊಡಿ, “ಎಷ್ಟು ದಿನ ಮೊಟ್ಟೆ ಬಿಡಬೇಕು?” ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮ ಡಬ್ಬಿಯ ಮಾತ್ರೆಯನ್ನಂತೂ ಕೋಳಿಗೆ ಹಾಕಲೇಬೇಡಿ.

*ಇವು ಕಂಡರೆ ಕಾಯಬೇಡಿ*

ಕೆಲವು ವೈರಸ್ ರೋಗಗಳು ಮೊಟ್ಟೆಯಲ್ಲೇ ಮೊದಲು ಕಾಣುತ್ತವೆ. ಮೇಲ್ನೋಟಕ್ಕೆ ಚೆನ್ನಾಗಿರುವ ಕೋಳಿಗಳೆಲ್ಲ ಒಟ್ಟಿಗೆ ಚಿಪ್ಪಿಲ್ಲದ ಮೊಟ್ಟೆ ಇಡತೊಡಗಿದರೆ, ಚಿಪ್ಪು ಸುಕ್ಕುಗಟ್ಟಿ ಕೋಳಿ ಸೀನುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು ಕಂಡರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಇರಬಹುದು. ಇದಕ್ಕೆ ಔಷಧಿಯಿಲ್ಲ, ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲಿ, ಮತ್ತೆ ಸುಮಾರು ಎಂಟು ವಾರಕ್ಕೆ ಹಾಕಿಸಬೇಕು.

ಕೋಳಿಗಳು ಒಂದರ ಹಿಂದೊಂದು ಸಾಯತೊಡಗಿದರೆ ಮುಚ್ಚಿಡಬೇಡಿ, ಮಾರಬೇಡಿ, ಕೊಯ್ದು ತಿನ್ನಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಭಾರತದಲ್ಲಿ ಹಕ್ಕಿ ಜ್ವರ ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ನಮ್ಮದೇ ನಾಸಿಕ್ ವಿಭಾಗದ ನಂದುರ್‌ಬಾರ್ ಜಿಲ್ಲೆಯ ನವಾಪುರದಲ್ಲಿ. ಲಕ್ಷಗಟ್ಟಲೆ ಕೋಳಿಗಳನ್ನು ಕೊಲ್ಲಬೇಕಾಯಿತು. ಕರ್ನಾಟಕದಲ್ಲಿ 2012ರಲ್ಲಿ ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಸರ್ಕಾರಿ ಕೇಂದ್ರದಲ್ಲೇ ಟರ್ಕಿ ಕೋಳಿಗಳಲ್ಲಿ ಕಾಣಿಸಿಕೊಂಡಿತು. ಆರು ಕೋಳಿಯ ಹಿತ್ತಲಾದರೂ ಸರಿ, ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸಿ.

*ಕೋಳಿ ಸಾಕದವರೂ ಓದಬೇಕಾದದ್ದು: ಅಡುಗೆಮನೆಯ ಮಾತು*

ಚಿಪ್ಪು ಇರುವುದು ಅಂದಕ್ಕಲ್ಲ. ಅದು ಮೊಟ್ಟೆಯ ಕಾವಲುಗೋಡೆ. ಚಿಪ್ಪಿಲ್ಲದ, ಬಿರುಕು ಬಿಟ್ಟ ಮೊಟ್ಟೆಗೆ ಹಿಕ್ಕೆಯಲ್ಲಿರುವ ರೋಗಾಣು ಸುಲಭವಾಗಿ ಒಳಗೆ ಹೋಗುತ್ತದೆ. ಅದನ್ನು ತಿನ್ನಬೇಡಿ, ಚೆಲ್ಲಿ. ಎಂಟು ರೂಪಾಯಿ ಉಳಿಸಲು ಹೋಗಿ ಆಸ್ಪತ್ರೆಗೆ ಸಾವಿರಾರು ಕೊಟ್ಟವರನ್ನು ನೋಡಿದ್ದೇನೆ.

ಗಟ್ಟಿ ಚಿಪ್ಪಿನ ಮೊಟ್ಟೆಯ ಒಳಗೂ ಸಾಲ್ಮೊನೆಲ್ಲಾ ಇರಬಹುದು. ಹೊರಗಿನಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಹಸಿ ಮೊಟ್ಟೆ, ಅರೆಬೆಂದ ಮೊಟ್ಟೆ ಬೇಡ. ಹಳದಿ, ಬಿಳಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿ. ಹಸಿ ಮೊಟ್ಟೆಯಲ್ಲಿ ಹೆಚ್ಚು ಶಕ್ತಿ ಎಂಬುದು ಸುಳ್ಳು. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಹಸಿಯದ್ದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ.

ಹೃದಯರೋಗಿಗಳು ಇನ್ನೂ ಜಾಗ್ರತೆ ವಹಿಸಬೇಕು. ಕಾರಣ ಎರಡು. ಒಂದು, ಬಿ.ಪಿ. ಮತ್ತು ನೀರು ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ವಾಂತಿ ಭೇದಿ ಆದರೆ ಬಿ.ಪಿ. ತಟ್ಟನೆ ಕುಸಿದು ಕಿಡ್ನಿಗೆ ಪೆಟ್ಟಾಗುತ್ತದೆ. ಕಾಕಾಗೆ ಆದದ್ದು ಇದು. ಎರಡು, ವಯಸ್ಸಾದವರಲ್ಲಿ ಸಾಲ್ಮೊನೆಲ್ಲಾ ರಕ್ತಕ್ಕೆ ಇಳಿದರೆ, ಕೊಬ್ಬು ಕಟ್ಟಿ ಒರಟಾದ ದೊಡ್ಡ ರಕ್ತನಾಳದ ಗೋಡೆಯಲ್ಲಿ ಮನೆ ಮಾಡಬಹುದು. ಅಪರೂಪ, ಆದರೆ ಪ್ರಾಣಕ್ಕೆ ಬರುವಂಥದ್ದು. ಹೀಗಾಗಿ ಹೃದಯರೋಗಿಗೆ ವಾಂತಿ ಭೇದಿಯ ಜೊತೆ ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ, ಯಾವ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕೆಂದು ಕೇಳಿ. ಸ್ಟೆಂಟ್‌ಗೆಂದು ಕೊಟ್ಟ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಮೊಟ್ಟೆ ದಿನವೂ ಗೂಡಿನಿಂದ ತೆಗೆಯಿರಿ. ಕೊಳೆಯಿದ್ದರೆ ಒಣಬಟ್ಟೆಯಿಂದ ಒರೆಸಿ ಇಡಿ, ಒಡೆಯುವ ಮುಂಚೆ ತೊಳೆಯಿರಿ. ಕೋಳಿ, ಮೊಟ್ಟೆ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಮಕ್ಕಳಿಗೂ ಕಲಿಸಿ.

*“ಡಾಕ್ಟ್ರೇ, ಹೃದಯಕ್ಕೆ ಮೊಟ್ಟೆ ತಿನ್ನಬಹುದಾ?”*

ಕೇಳುತ್ತೀರೆಂದು ಗೊತ್ತು. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 200 ಮಿಲಿಗ್ರಾಂ ಕೊಲೆಸ್ಟ್ರಾಲ್ ಇರುತ್ತದೆ. ಆರೋಗ್ಯವಂತರಲ್ಲಿ ಹೆಚ್ಚಿನವರಿಗೆ ದಿನಕ್ಕೊಂದು ಮೊಟ್ಟೆ ತೊಂದರೆ ಮಾಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು, ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿರುವವರು, ಸ್ಟೆಂಟ್ ಹಾಕಿಸಿಕೊಂಡವರು ತಮ್ಮ ಡಾಕ್ಟರನ್ನು ಕೇಳಿ ಹಳದಿಯ ಲೆಕ್ಕ ಇಟ್ಟುಕೊಳ್ಳಿ. ಬಿಳಿ ಭಾಗಕ್ಕೆ ಆ ಚಿಂತೆಯಿಲ್ಲ. ಜವಾರಿ ಮೊಟ್ಟೆಯಲ್ಲಿ ಕೊಲೆಸ್ಟ್ರಾಲ್ ಇರುವುದಿಲ್ಲ ಎಂಬ ಫಾರ್ವರ್ಡ್ ಮೆಸೇಜ್ ನಂಬಬೇಡಿ, ಅದರಲ್ಲೂ ಇರುತ್ತದೆ.

*ನೆನಪಿಡಲು*

✅ ಮೆತ್ತನೆಯ ಮೊಟ್ಟೆ ಬಂದರೆ ಮೊದಲು ತಟ್ಟೆ, ಬಿಸಿಲು, ಬೆಳಕು ನೋಡಿ.
✅ ಲೇಯರ್ ಆಹಾರ ಮತ್ತು ಬೇರೆ ಬಟ್ಟಲಲ್ಲಿ ಚಿಪ್ಪಿನ ಚೂರು ಇಡಿ.
✅ ಸಿಕ್ಕಿಕೊಂಡ ಮೊಟ್ಟೆಗೆ ಬೆಚ್ಚಗಿನ ನೀರು, ಕತ್ತಲೆ, ಪಶುವೈದ್ಯರು.
❌ ಹೊಟ್ಟೆ ಅಮುಕುವುದು ಬೇಡ.
❌ ಕೇಳದೆ ಆ್ಯಂಟಿಬಯೋಟಿಕ್ ಬೇಡ.
❌ ಚಿಪ್ಪಿಲ್ಲದ, ಬಿರುಕು ಬಿಟ್ಟ, ಹಸಿ ಮೊಟ್ಟೆ ಬೇಡ.

ಕಾಕಾ ಈಗ ಚೆನ್ನಾಗಿದ್ದಾರೆ. ಉಳಿದ ಐದು ಕೋಳಿಗಳೂ ಚೆನ್ನಾಗಿವೆ. ಪಶುವೈದ್ಯರು ಹೇಳಿದಂತೆ ಪುಡಿ ನಿಲ್ಲಿಸಿ, ಗಡುವು ಮುಗಿಯುವವರೆಗೆ ಮೊಟ್ಟೆ ಚೆಲ್ಲಿ, ಲೇಯರ್ ಆಹಾರ ಮತ್ತು ಚಿಪ್ಪಿನ ಚೂರು ಶುರು ಮಾಡಿದರು. ಫೆಬ್ರವರಿಯ ಹೊತ್ತಿಗೆ ಮೊಟ್ಟೆ ಗಟ್ಟಿಯಾದವು. ಮೊನ್ನೆ ಚೆಕಪ್‌ಗೆ ಬಂದಾಗ ಕಾಕೂ ಪೇಪರಿನಲ್ಲಿ ಸುತ್ತಿದ ನಾಲ್ಕು ಮೊಟ್ಟೆ ನನ್ನ ಟೇಬಲ್ ಮೇಲೆ ಇಟ್ಟು ಹೇಳಿದರು: “ಗಟ್ಟಿ ಅದಾವ ನೋಡ್ರಿ ಸಾಹೇಬ್ರ. ಆದ್ರೂ ಕುದಿಸೇ ತಿನ್ರಿ!”

ಈ ಸಲ ನಾನು ಕಾಕಾನನ್ನು ಕೇಳಿದೆ: “ಮೊಟ್ಟೆ ಹೇಗೆ ತಿನ್ನುತ್ತೀರಿ?”

ಕೋಳಿ ಸಾಕುವ ಮನೆಗಳಿಗೆ, ಹಸಿ ಮೊಟ್ಟೆ ಕುಡಿಯುವ ಹಿರಿಯರಿರುವ ಮನೆಗಳಿಗೆ ಇದನ್ನು ಕಳುಹಿಸಿ. ಮುಂದಿನ ವಾರ ಸಿಗೋಣ.

🙏 ನಿಮ್ಮ ಹೃದಯದ ಡಾಕ್ಟರು (ಎಂ.ಡಿ.), ನಾಸಿಕ್ ರೋಡ್